ಕಾಳಗದ ಲೆಕ್ಕವೂ ಸೂತ್ರಧಾರನ ತೀರ್ಪೂ

ಮೇಜಿನ ಸುತ್ತ ನಾಲ್ಕಾರು ಮಂದಿ ಕುಳಿತು, ಒಬ್ಬೊಬ್ಬರೂ ಒಂದೊಂದು ಪಾತ್ರವನ್ನು ಧರಿಸಿ, ಕಥೆಯನ್ನು ತಾವೇ ಕಟ್ಟುತ್ತ, ಸಂದೇಹ ಬಂದೆಡೆ ದಾಳವನ್ನುರುಳಿಸಿ ವಿಧಿಯ ಮಾತನ್ನು ಕೇಳುತ್ತ ಆಡುವ ಆಟವೊಂದು ಪಾಶ್ಚಾತ್ಯ ದೇಶಗಳಲ್ಲಿ ಅರ್ಧ ಶತಮಾನದಿಂದ ಪ್ರಚಾರದಲ್ಲಿದ್ದು, ಈಗ ನಮ್ಮ ಕಾಲೇಜು ತರುಣರಿಗೂ ತೀರ ಅಪರಿಚಿತವಾಗಿ ಉಳಿದಿಲ್ಲ. 1974ರಲ್ಲಿ ಅಮೆರಿಕದ ಗ್ಯಾರಿ ಗೈಗ್ಯಾಕ್ಸ್ ಮತ್ತು ಡೇವ್ ಆರ್ನೆಸನ್ ಎಂಬವರ ಹೆಸರಿನಲ್ಲಿ ಪ್ರಕಟವಾದ ‘ಡಂಜನ್ಸ್ ಅಂಡ್ ಡ್ರ್ಯಾಗನ್ಸ್’ ಈ ಜಾತಿಯ ಆಟಗಳಿಗೆಲ್ಲ ಮೂಲಪುರುಷ. ದೊಡ್ಡಾಟವನ್ನು ಬೆಳಗಿನ ತನಕ ಕುಳಿತು ನೋಡಿದ ರಾಯಚೂರು ಸೀಮೆಯ ಜನಕ್ಕೆ ಇದರ ಮರ್ಮವನ್ನು ಬಹಳ ವಿವರಿಸಬೇಕಾಗಿಲ್ಲ. ರಂಗಕ್ಕೆ ಬಂದ ವೇಷವನ್ನು ಎದುರುಗೊಂಡು ‘ತಾವು ಯಾರು’ ಎಂದು ಪ್ರಶ್ನಿಸಿ ಮಾತಿಗೆ ಮಾತು ಹಚ್ಚುವ ಸಾರಥಿಯ ಸ್ಥಾನದಲ್ಲಿ ಇಲ್ಲಿಯೂ ಒಬ್ಬನಿರುತ್ತಾನೆ. ಆಟಗಾರರು ಅವನನ್ನು ಡಿಎಂ (ಡಂಜನ್ ಮಾಸ್ಟರ್) ಎನ್ನುತ್ತಾರೆ, ನಾನು ಸೂತ್ರಧಾರ ಎನ್ನುತ್ತೇನೆ. ವ್ಯತ್ಯಾಸವಿಷ್ಟೆ: ದೊಡ್ಡಾಟದಲ್ಲಿ ಕೀಚಕ ಸಾಯುವುದು ನಿಶ್ಚಿತ, ಇಲ್ಲಿ ಯಾರು ಉಳಿಯುವರೆಂಬುದು ಸೂತ್ರಧಾರನಿಗೂ ಗೊತ್ತಿರುವುದಿಲ್ಲ.

ಕಥೆ ನಡೆಯುವಷ್ಟು ಕಾಲ ಕಾಗದವೂ ಪೆನ್ಸಿಲೂ ಸಾಕು. ಕಾಳಗ ಆರಂಭವಾದೊಡನೆ ಸಾಲದಾಗುತ್ತವೆ. ದೇವದುರ್ಗದ ನಾಯಕರ ಕಾಲದ ಕಲ್ಪಿತ ಪ್ರಸಂಗವೊಂದನ್ನು ತೆಗೆದುಕೊಳ್ಳೋಣ. ಐವರು ವೀರರು ನಡುರಾತ್ರಿಯಲ್ಲಿ ಕೋಟೆಯ ದಿಡ್ಡಿ ಬಾಗಿಲಿನಿಂದ ನುಗ್ಗಿದ್ದಾರೆ. ಎಂಟು ಮಂದಿ ಕಾವಲುಗಾರರು ಎಚ್ಚತ್ತಿದ್ದಾರೆ. ವೀರರು ಒಬ್ಬೊಬ್ಬರಾಗಿಯೂ, ಕಾವಲುಗಾರರೆಲ್ಲರ ಪರವಾಗಿ ಸೂತ್ರಧಾರನು ಒಮ್ಮೆಯೂ, ಇಪ್ಪತ್ತು ಮುಖದ ದಾಳವನ್ನುರುಳಿಸಿ, ಬಂದ ಅಂಕಕ್ಕೆ ತಂತಮ್ಮ ಚುರುಕುತನದ ಅಂಕವನ್ನು ಕೂಡಿಸಿ, ಯಾರ ಸರದಿ ಮೊದಲೆಂಬುದನ್ನು ನಿರ್ಣಯಿಸಿಕೊಳ್ಳಬೇಕು, ಇದೇ ಇನಿಷಿಯೇಟಿವ್. 2014ರ ಐದನೆಯ ಆವೃತ್ತಿಯ ನಿಯಮದಂತೆ ಸಾಮಾನ್ಯ ಕಾವಲುಗಾರನೊಬ್ಬನಿಗೆ 11 ಎಚ್‌ಪಿ. ಎಂದರೆ ಅಷ್ಟು ಅಂಕದ ಪೆಟ್ಟು ಬಿದ್ದರೆ ಅವನು ಉರುಳುತ್ತಾನೆ. ಎಂಟು ಮಂದಿಗೆ ಎಂಟು ಬೇರೆ ಬೇರೆ ಲೆಕ್ಕ. ಒಂದು ಸುತ್ತು ಕಥೆಯೊಳಗಣ ಆರು ಸೆಕೆಂಡು. ಆದಕಾರಣ ಒಂದು ನಿಮಿಷ ಬಾಳುವ ಮಂತ್ರ ಹತ್ತು ಸುತ್ತುಗಳ ತರುವಾಯ ಇಳಿಯಬೇಕು. ಮಂತ್ರವಾದಿಗೆ ಪೆಟ್ಟು ಬಿದ್ದರೆ ಮಂತ್ರವನ್ನು ಹಿಡಿದಿಟ್ಟ ಏಕಾಗ್ರತೆ ಉಳಿಯಿತೋ ಕೆಟ್ಟಿತೋ ಎಂಬುದಕ್ಕೆ ಮತ್ತೊಂದು ದಾಳ. ಅವನು ಮುಟ್ಟಬೇಕಾದ ಗುರಿ 10, ಅಥವಾ ಬಿದ್ದ ಪೆಟ್ಟಿನ ಅರ್ಧ, ಎರಡರಲ್ಲಿ ಯಾವುದು ಹೆಚ್ಚೋ ಅದು. ಇಷ್ಟನ್ನೂ ನೆನಪಿನಲ್ಲಿಟ್ಟುಕೊಂಡು, ಕಾವಲುಗಾರರ ಮುಖಂಡನ ದನಿಯಲ್ಲಿ ಬೆದರಿಕೆಯ ಮಾತನ್ನೂ ಆಡಬೇಕಾದ ಸೂತ್ರಧಾರನ ಅವಸ್ಥೆಯನ್ನು ಊಹಿಸಬಹುದು. ಮೂರನೆಯ ಕಾವಲುಗಾರನಿಗೆ ಬಿದ್ದ ಪೆಟ್ಟನ್ನು ಐದನೆಯವನ ಲೆಕ್ಕಕ್ಕೆ ಬರೆದುಬಿಟ್ಟರೆ, ಆಟದ ರಸವೆಲ್ಲ ಸೋರಿಹೋಗಿ ಜಗಳ ಉಳಿಯುತ್ತದೆ.

ಈ ತೊಡಕಿಗಾಗಿಯೇ ಮೊಬೈಲಿನಲ್ಲಿ ಕಾಳಗದ ಲೆಕ್ಕವಿಡುವ ಆ್ಯಪ್‌ಗಳು ಹುಟ್ಟಿಕೊಂಡಿವೆ. ಅವುಗಳಲ್ಲಿ ಕೆಲವು ದಾಳವನ್ನೂ ತಾವೇ ಉರುಳಿಸಿ, ಪೆಟ್ಟನ್ನೂ ತಾವೇ ಕಳೆದು, ಕೊನೆಗೆ ‘ಸತ್ತನು’ ಎಂಬ ಘೋಷಣೆಯನ್ನೂ ತಾವೇ ಹೊರಡಿಸುವಷ್ಟು ಉತ್ಸಾಹಶಾಲಿಗಳು. ಇದು ನನಗೆ ಒಪ್ಪಿಗೆಯಾಗದು. ಯಂತ್ರವು ಮಾಡಬೇಕಾದುದು ಸ್ಮರಣೆಯ ಕೆಲಸ. ನಿರ್ಣಯದ ಕೆಲಸಕ್ಕೆ ಅದು ಕೈಹಾಕಕೂಡದು.

ಈ ವಿವಾದ ಮೊಬೈಲಿನೊಂದಿಗೆ ಹುಟ್ಟಿದ್ದೂ ಅಲ್ಲ. ಪ್ರಷ್ಯದ ಸೇನಾಧಿಕಾರಿ ರೈಸ್‌ವಿಟ್ಸ್ 1824ರಲ್ಲಿ ರೂಪಿಸಿದ ‘ಕ್ರೀಗ್ಸ್‌ಷ್ಪೀಲ್’ ಎಂಬ ಯುದ್ಧಕ್ರೀಡೆಯಲ್ಲಿ ಭೂಪಟ, ದಾಳ, ನಷ್ಟದ ಕೋಷ್ಟಕಗಳಿದ್ದುವು. ಅವುಗಳ ನಡುವೆ ಮಧ್ಯಸ್ಥನೊಬ್ಬನಿದ್ದನು. ಕೋಷ್ಟಕಗಳು ಬೆಳೆಬೆಳೆದು ಆಟವು ಗುಮಾಸ್ತಗಿರಿಯಾಗಿ ಪರಿಣಮಿಸಿದಾಗ, ಅದೇ ಸೇನೆಯ ವೆರ್ಡಿ ದು ವೆರ್ನ್ವಾ ಎಂಬಾತನು 1876ರಲ್ಲಿ ಕೋಷ್ಟಕಗಳನ್ನು ಬದಿಗಿಟ್ಟು, ಅನುಭವಿಯಾದ ಮಧ್ಯಸ್ಥನ ವಿವೇಕಕ್ಕೇ ತೀರ್ಪನ್ನು ಬಿಡಬೇಕೆಂದು ವಾದಿಸಿದನು. ಯುದ್ಧವನ್ನೇ ವೃತ್ತಿಯಾಗಿ ಮಾಡಿಕೊಂಡ ಜನ ಲೆಕ್ಕದ ಮಿತಿಯನ್ನು ಕಂಡುಕೊಂಡಿದ್ದರೆಂದ ಮೇಲೆ, ಭಾನುವಾರದ ಮಧ್ಯಾಹ್ನ ವಿನೋದಕ್ಕಾಗಿ ಕೂಡುವ ನಮ್ಮ ಹುಡುಗರು ಕೋಷ್ಟಕದ ದಾಸರಾಗಬೇಕಾದ ಕಾರಣ ಕಾಣದು.

ಇದಕ್ಕೆ ನಿದರ್ಶನವನ್ನು ಪರದೇಶದಿಂದ ತರಬೇಕೆಂದೂ ಇಲ್ಲ. ಕೃಷ್ಣಾ ತುಂಗಭದ್ರೆಗಳ ನಡುವಣ ಎಡೆದೊರೆ ನಾಡಿಗಾಗಿ ಅರಸರು ಹೋರಿದ ಕದನಗಳಲ್ಲಿ ಅತ್ಯಂತ ಪ್ರಸಿದ್ಧವಾದದ್ದು 1520ರ ರಾಯಚೂರಿನ ಯುದ್ಧ. ಪೋರ್ಚುಗೀಸ್ ವರ್ತಕ ನ್ಯೂನಿಜ್ ಬರೆದಿಟ್ಟ ವೃತ್ತಾಂತದಲ್ಲಿ ಕೃಷ್ಣದೇವರಾಯನ ಕಾಲಾಳುಗಳ ಸಂಖ್ಯೆ ಏಳು ಲಕ್ಷವನ್ನು ಮೀರುತ್ತದೆ. ಚರಿತ್ರಕಾರರು ಆ ಅಂಕಿಯನ್ನು ಹುಬ್ಬೇರಿಸಿಯೇ ಓದುತ್ತಾರೆ. ಸಂಖ್ಯೆ ಹೇಗಾದರೂ ಇರಲಿ, ನಡೆದ ಸಂಗತಿ ವಿಚಾರಾರ್ಹವಾದುದು. ಬಿಜಾಪುರದ ಇಸ್ಮಾಯಿಲ್ ಆದಿಲ್ ಶಾಹನು ತನ್ನ ಫಿರಂಗಿಗಳನ್ನೆಲ್ಲ ಒಮ್ಮೆಗೇ ಹಾರಿಸಲು ವಿಜಯನಗರದ ಮುಂಚೂಣಿ ಮುರಿದು ಹಿಮ್ಮೆಟ್ಟಿತು. ಆಗ ರಾಯನು ತನ್ನ ಉಂಗುರವನ್ನು ಸೇವಕನ ಕೈಗಿತ್ತು, ತಾನು ಮಡಿದರೆ ಗುರುತಾಗಿ ರಾಣಿಯರಿಗೆ ತೋರಿಸೆಂದು ಹೇಳಿ, ಉಳಿದ ದಳದೊಂದಿಗೆ ಮುನ್ನುಗ್ಗಿದನೆಂದು ನ್ಯೂನಿಜ್ ಬರೆಯುತ್ತಾನೆ. ಒಮ್ಮೆ ಬರಿದಾದ ಫಿರಂಗಿಗಳನ್ನು ಮತ್ತೆ ತುಂಬಲು ಹಿಡಿಯುವ ಹೊತ್ತಿನಲ್ಲಿ ಬಿಜಾಪುರದ ಸೈನ್ಯ ಕೃಷ್ಣಾನದಿಯ ತನಕ ಹಿಂದೆ ನೂಕಲ್ಪಟ್ಟಿತು.

ಈ ಯುದ್ಧವನ್ನು ರಾಯಚೂರಿನ ತರುಣರು ಮೇಜಿನ ಮೇಲೆ ಆಡುವುದಾದರೆ (ಆಡಲೇಬೇಕೆಂದು ನನ್ನ ಆಸೆ), ಆ್ಯಪ್ ಎಲ್ಲಿ ಬೇಕು, ಎಲ್ಲಿ ಬೇಡ ಎಂಬುದು ತಾನಾಗಿ ಸ್ಪಷ್ಟವಾಗುತ್ತದೆ. ‘ಫಿರಂಗಿಗಳು ಬರಿದಾಗಿವೆ, ಇನ್ನು ಮೂರು ಸುತ್ತು ಹಾರವು’ ಎಂಬುದನ್ನು ಅದು ತಪ್ಪದೆ ನೆನಪಿಸಲಿ. ಗದ್ದಲದಲ್ಲಿ ಮನುಷ್ಯ ಮೊದಲು ಮರೆಯುವುದು ಅದನ್ನೇ. ಆದರೆ ಉಂಗುರವನ್ನು ಕೊಟ್ಟ ರಾಜನ ಮಾತನ್ನು ಕೇಳಿದ ಸೈನಿಕರು ನಿಂತರೋ ಓಡಿದರೋ ಎಂಬುದನ್ನು ಎಚ್‌ಪಿಯ ಪಟ್ಟಿ ಹೇಳಲಾರದು. ಆ ಕ್ಷಣದವರೆಗಿನ ಲೆಕ್ಕವನ್ನಷ್ಟೇ ನೋಡಿದ್ದ ಯಂತ್ರವು ರಾಯನು ಸೋತನೆಂದೇ ಸಾರುತ್ತಿತ್ತು.

ಹಾಗಾದರೆ ಪರದೆಯ ಮೇಲೆ ಏನಿರಬೇಕು? ಸರದಿಯ ಪಟ್ಟಿ; ಈಗ ಆಡುವವನ ಹೆಸರು ದಪ್ಪಕ್ಷರದಲ್ಲಿ, ಅದರ ಕೆಳಗೆ ಮುಂದಿನವನದು, ಅವನು ತನ್ನ ಯೋಚನೆಯನ್ನು ಮೊದಲೇ ಮಾಡಿಕೊಂಡಿರಲೆಂದು. ಹೆಸರನ್ನು ಮುಟ್ಟಿದರೆ ಅಂಕಿಗಳ ಫಲಕ ತೆರೆದು, ‘7’ ಒತ್ತಿ ‘ಪೆಟ್ಟು’ ಎಂದರೆ ಕಾವಲುಗಾರನ 11 ನಾಲ್ಕಾಗಬೇಕು. ಒಂದೊಂದಾಗಿ ಏಳು ಸಲ ಮೈನಸ್ ಗುಂಡಿಯನ್ನು ಒತ್ತಿಸುವ ವಿನ್ಯಾಸಕಾರನು ತಾನೆಂದೂ ಆಟ ನಡೆಸಿದವನಲ್ಲ ಎಂದೇ ತಿಳಿಯತಕ್ಕದ್ದು. ಇಬ್ಬರಿಗೆ ಸಮಾನ ಇನಿಷಿಯೇಟಿವ್ ಬಂದರೆ ಅಕಾರಾದಿಯಾಗಿ ಸಾಲು ಹಚ್ಚುವುದು ಸಲ್ಲದು. ಆಟಗಾರರ ನಡುವಣ ಸಮಬಲವನ್ನು ಆಟಗಾರರೇ, ಶತ್ರುಗಳ ನಡುವಣದನ್ನು ಸೂತ್ರಧಾರನೇ ತೀರ್ಮಾನಿಸಬೇಕೆಂದು ನಿಯಮಗ್ರಂಥವೇ ಹೇಳಿರುವಾಗ ಆ್ಯಪ್‌ಗೆ ಈ ಅಧಿಕಪ್ರಸಂಗ ಏಕೆ? ಬೆರಳಿನಿಂದ ಎಳೆದು ಮೇಲೆ ಕೆಳಗೆ ಇಡಲು ಬಂದರೆ ಸಾಕು. ಮಂತ್ರವಾದಿಗೆ 26ರ ಪೆಟ್ಟು ಬಿದ್ದಾಗ ‘ಏಕಾಗ್ರತೆ: ಗುರಿ 13’ ಎಂದು ಒಂದು ಸಾಲು ತೋರಿಸಿ ಅದು ಸುಮ್ಮನಿರಲಿ, ದಾಳವನ್ನು ಉರುಳಿಸುವ ಸುಖವನ್ನು ಹುಡುಗರಿಂದ ಕಸಿಯದಿರಲಿ. ಚೌಕಾಬಾರದ ಕವಡೆಯನ್ನು ಅಂಗೈಯಲ್ಲಿ ಕುಲುಕಿ ಎಸೆಯುವ ಸಂತೋಷವನ್ನು ಬಲ್ಲ ಊರಿನಲ್ಲಿ ಇದನ್ನು ಹೇಳುವ ಅಗತ್ಯವಿಲ್ಲವೇನೋ.

ಎಲ್ಲಕ್ಕಿಂತ ಮುಖ್ಯವಾದದ್ದು, ಮಾಡಿದ್ದನ್ನು ಹಿಂದೆ ತೆಗೆದುಕೊಳ್ಳುವ ಗುಂಡಿ. ಒಂದೇ ಹೆಜ್ಜೆಯಲ್ಲ, ಕಾಳಗದ ಆರಂಭದ ತನಕ. ಜೊತೆಗೆ ಯಾರು ಯಾರಿಗೆ ಎಷ್ಟು ಪೆಟ್ಟು ಕೊಟ್ಟರೆಂಬ ಸಾಲುಗಳ ದಾಖಲೆ. ‘ಆ ಪೆಟ್ಟು ನನಗೆ ಬಿದ್ದೇ ಇಲ್ಲ’ ಎಂಬ ವಾದ ಎದ್ದಾಗ ದಾಖಲೆಯನ್ನು ತೋರಿಸಬಹುದು. ತೋರಿಸಿದ ಮೇಲೂ ಸೂತ್ರಧಾರನು ಬೇಕಾದರೆ ಅದನ್ನು ಅಳಿಸಬಹುದು. ಯಂತ್ರವು ಸಾಕ್ಷಿಯಾಗಿ ನಿಲ್ಲಲಿ, ನ್ಯಾಯಾಧೀಶನಾಗುವುದು ಬೇಡ.

ಸ್ಥಳದ ಪ್ರಶ್ನೆಯೂ ಇದೆ. ರಾಯಚೂರಿನಲ್ಲಿ ಓದುವ ಹುಡುಗರಲ್ಲಿ ಮಾನ್ವಿ, ದೇವದುರ್ಗಗಳಿಂದ ಬಸ್ಸಿನಲ್ಲಿ ಬಂದು ಹೋಗುವವರು ಅನೇಕರು. ಅಂತಹ ಗೆಳೆಯರು ಕೂಡಿದರೆ ಆಟ ಮುಗಿಯುವುದು ಕಥೆಯ ಅನುಕೂಲದಂತೆ ಅಲ್ಲ, ಕಡೆಯ ಬಸ್ಸಿನ ಅನುಕೂಲದಂತೆ. ನಾಲ್ಕನೆಯ ಸುತ್ತಿನ ನಡುವೆ, ಮೂರನೆಯವನ ಸರದಿಯಲ್ಲಿ ನಿಂತುಹೋದ ಕಾಳಗವು ಮುಂದಿನ ವಾರ ಅದೇ ಸ್ಥಿತಿಯಲ್ಲಿ, ಬೇಕಾದರೆ ಬೇರೊಬ್ಬನ ಮೊಬೈಲಿನಲ್ಲಿ, ತೆರೆದುಕೊಳ್ಳಬೇಕು. ನೆಟ್‌ವರ್ಕ್ ಇಲ್ಲದಿದ್ದರೂ ಎಲ್ಲವೂ ನಡೆಯಬೇಕು. ಶಕ್ತಿನಗರದ ಶಾಖೋತ್ಪನ್ನ ಕೇಂದ್ರವು 1720 ಮೆಗಾವಾಟ್ ಸಾಮರ್ಥ್ಯದ್ದಾದರೂ ಜಿಲ್ಲೆಯ ಬೇಸಿಗೆಯ ಸಂಜೆಗಳಲ್ಲಿ ಕರೆಂಟು ಹೋಗುವುದು ನಿಂತಿಲ್ಲ. ಬ್ಯಾಟರಿಯನ್ನು ಹೀರುವ ಚಲಿಸುವ ಚಿತ್ರಗಳೂ ಡ್ರ್ಯಾಗನ್ನಿನ ಗರ್ಜನೆಯೂ ಇಲ್ಲದೆ ಆಟಕ್ಕೆ ನಷ್ಟವೇನೂ ಇಲ್ಲ. ಇನ್ನು ಪರದೆಯ ಬರಹದ ಮಾತು. ಕನ್ನಡದ ಅಕ್ಷರಗಳಿಗೆ ಒತ್ತುಗಳು ಕೆಳಗಿಳಿಯುತ್ತವೆ. ಇಂಗ್ಲಿಷಿಗೆಂದು ಅಳತೆ ಮಾಡಿದ ಗುಂಡಿಯಲ್ಲಿ ‘ಪೆಟ್ಟು’ ಎಂದು ಬರೆದರೆ ಟಕಾರದ ಒತ್ತು ಕತ್ತರಿಸಿಹೋಗುವುದನ್ನು ಎಷ್ಟು ಆ್ಯಪ್‌ಗಳಲ್ಲಿ ನಾವು ನೋಡಿಲ್ಲ! ಸಾಲಿನ ಎತ್ತರವನ್ನು ಮೊದಲ ದಿನವೇ ಕನ್ನಡಕ್ಕೆ ಹೊಂದಿಸಿ ಕಟ್ಟತಕ್ಕದ್ದು.

ಇದನ್ನು ಯಾರು ಕಟ್ಟಬೇಕು? 2019ರಲ್ಲಿ ಸ್ಥಾಪಿತವಾದ ರಾಯಚೂರಿನ ಟ್ರಿಪಲ್ ಐಟಿಯ ವಿದ್ಯಾರ್ಥಿಗಳು ಕಟ್ಟಬಹುದು. ಅವರೇ ಆಗಬೇಕೆಂಬ ನಿರ್ಬಂಧವಿಲ್ಲ. ಐದನೆಯ ಆವೃತ್ತಿಯ ಮೂಲ ನಿಯಮಗಳ ಸಂಗ್ರಹವನ್ನು ಅದರ ಒಡೆಯರು 2023ರ ಜನವರಿಯಲ್ಲಿ, ಆಟಗಾರರ ದೊಡ್ಡ ಪ್ರತಿಭಟನೆಯ ತರುವಾಯ, ಕ್ರಿಯೇಟಿವ್ ಕಾಮನ್ಸ್ ಪರವಾನಗಿಯಡಿ ಬಿಡುಗಡೆ ಮಾಡಿದ್ದಾರೆ; ಮೂಲವನ್ನು ಸ್ಮರಿಸಿದರೆ ಸಾಕು, ಕನ್ನಡಿಸಲೂ ಬಳಸಲೂ ಯಾರ ಅಪ್ಪಣೆಯೂ ಬೇಡ. ಹಾಗೆ ಧರ್ಮಾರ್ಥವಾಗಿ ದೊರೆತ ನಿಯಮಗಳ ಮೇಲೆ ಕಟ್ಟಿದ ಆ್ಯಪ್‌ನಲ್ಲಿ, ಕಾವಲುಗಾರನ ಎಚ್‌ಪಿ ಕಳೆಯುವ ಮೊದಲು ಫೋನ್ ನಂಬರು ಕೇಳುವುದೂ, ಎರಡು ಸರದಿಗಳ ನಡುವೆ ರಮ್ಮಿಯ ಜಾಹೀರಾತು ತೂರಿಸುವುದೂ ಸಭ್ಯತೆಯಲ್ಲ. ಹಣ ಬೇಕಾದರೆ ಒಂದೇ ಸಲ, ಹೋಟೆಲಿನ ಒಂದು ಊಟದಷ್ಟು ಬೆಲೆಯನ್ನಿಟ್ಟು ಮಾರಲಿ. ಐದು ಮಂದಿ ಸೇರಿ ಕೊಳ್ಳುತ್ತಾರೆ.