ಕಿವಿಯೂ ಕಾಣುವ ಲೋಕ

ಕಣ್ಣಿಗೆ ರೆಪ್ಪೆಯುಂಟು, ಕಿವಿಗಿಲ್ಲ. ಕಣ್ಣು ಎದುರಿಗಿರುವುದನ್ನು ಮಾತ್ರ ಕಂಡರೆ, ಕಿವಿಯು ಬೆನ್ನ ಹಿಂದಿನದನ್ನೂ ಗೋಡೆಯಾಚೆಯದನ್ನೂ ಬಲ್ಲದು. ಹೀಗಿದ್ದರೂ ಮನುಷ್ಯನು ಹೊಸ ಲೋಕವೊಂದನ್ನು ಕಟ್ಟಲು ಹೊರಟಾಗ ಮೊದಲು ನೆನೆಯುವುದು ಕಣ್ಣನ್ನೇ. ವರ್ಚುವಲ್ ರಿಯಾಲಿಟಿ ಎಂಬ ಕೃತಕ ಲೋಕದ ವಿಷಯದಲ್ಲಿಯೂ ಹೀಗೆಯೇ ಆಗಿದೆ. ತಲೆಗೆ ಸಾಧನವೊಂದನ್ನು ತೊಟ್ಟೊಡನೆ ಕಾಡೋ ಕಡಲೋ ಕಣ್ಣೆದುರು ನಿಲ್ಲುತ್ತದೆ. ಚಿತ್ರದ ಸೊಬಗನ್ನು ಹೊಗಳುವವರು ಬಹುಮಂದಿ. ಧ್ವನಿಯ ಮಾತನ್ನೆತ್ತುವವರು ವಿರಳ. ಆದರೆ ಆ ಲೋಕವನ್ನು ನಾವು ನಂಬುವಂತೆ ಮಾಡುವಲ್ಲಿ ಧ್ವನಿಯ ಪಾಲು ಚಿತ್ರದ ಪಾಲಿಗಿಂತ ಕಿರಿದಲ್ಲವೆಂದೇ ನನ್ನ ಅಭಿಪ್ರಾಯ.

ಧ್ವನಿಯ ದಿಕ್ಕು ನಮಗೆ ತಿಳಿಯುವ ಬಗೆ ಸ್ವಾರಸ್ಯವಾದುದು. ಬಲಗಡೆಯ ಮರದಲ್ಲಿ ಕಾಗೆಯೊಂದು ಕೂಗಿತೆನ್ನಿ. ಆ ಸದ್ದು ಬಲಗಿವಿಯನ್ನು ಮೊದಲು, ಎಡಗಿವಿಯನ್ನು ತುಸು ತಡವಾಗಿ ಮುಟ್ಟುತ್ತದೆ. ಈ ಅಂತರವು ಸೆಕೆಂಡಿನ ಸಾವಿರದಲ್ಲೊಂದು ಭಾಗಕ್ಕಿಂತಲೂ ಕಡಿಮೆ. ಆದರೂ ಮೆದುಳು ಅದನ್ನು ಗುರುತಿಸಬಲ್ಲದು. ತಲೆ ಅಡ್ಡವಾಗುವುದರಿಂದ ಎಡಗಿವಿಗೆ ಸದ್ದು ಕೊಂಚ ಕ್ಷೀಣವಾಗಿಯೂ ಕೇಳುತ್ತದೆ. ಮೇಲಿನಿಂದ ಬಂದಿತೋ ಹಿಂದಿನಿಂದ ಬಂದಿತೋ ಎಂಬುದನ್ನು ತಿಳಿಸಲು ಹೊರಗಿವಿಯ ಮಡಿಕೆಗಳು ನೆರವಾಗುತ್ತವೆ. ಕಿವಿಯು ಬರಿಯ ಓಲೆ ತೊಡಲಿಕ್ಕಾಗಿ ಇರುವುದಲ್ಲ!

ಈ ಗುಟ್ಟನ್ನು ಬಳಸುವ ಪ್ರಯತ್ನ ಹಳೆಯದು. 1881ರಲ್ಲಿ ಪ್ಯಾರಿಸಿನ ವಿದ್ಯುತ್ ಪ್ರದರ್ಶನದಲ್ಲಿ ಕ್ಲೆಮಾಂ ಅದೇರ್ ಎಂಬ ಯಂತ್ರಜ್ಞನು ಒಪೆರಾ ರಂಗಮಂದಿರದ ಸಂಗೀತವನ್ನು ಟೆಲಿಫೋನ್ ತಂತಿಗಳ ಮೂಲಕ ಕೇಳಿಸಿದನು. ಒಂದೊಂದು ಕಿವಿಗೆ ಒಂದೊಂದು ಟೆಲಿಫೋನನ್ನು ಹಿಡಿದ ಜನರಿಗೆ, ಗಾಯಕರು ವೇದಿಕೆಯ ಯಾವ ಕಡೆಯಲ್ಲಿದ್ದಾರೆಂಬುದು ಕಾಣದೆಯೇ ತಿಳಿಯಿತು. 1970ರ ದಶಕದಲ್ಲಿ ಇಂಗ್ಲೆಂಡಿನ ಮೈಕೆಲ್ ಗರ್ಜನ್ ಮೊದಲಾದವರು ಸುತ್ತಲಿನ ಎಲ್ಲ ದಿಕ್ಕುಗಳ ಧ್ವನಿಯನ್ನೂ ಒಂದು ಗೋಳದಂತೆ ಹಿಡಿದಿಡುವ ವಿಧಾನವನ್ನು ರೂಪಿಸಿದರು. ಅದೇ ಆಂಬಿಸಾನಿಕ್ಸ್.

ಕೃತಕ ಲೋಕದಲ್ಲಿ ಇದಕ್ಕೆ ಈಗ ಹೆಚ್ಚಿನ ಬೆಲೆ ಬಂದಿದೆ. ಸಾಮಾನ್ಯವಾಗಿ ಇಯರ್‌ಫೋನಿನಲ್ಲಿ ಕೇಳುವ ಸದ್ದು ನಮ್ಮ ತಲೆಯೊಡನೆಯೇ ತಿರುಗುತ್ತದೆ. ನಿಜವಾದ ಕಾಗೆಯಾದರೋ ನಾವು ಅತ್ತ ತಿರುಗಿದರೂ ಇತ್ತ ತಿರುಗಿದರೂ ತನ್ನ ಕೊಂಬೆಯನ್ನು ಬಿಡದು. ಆದುದರಿಂದ ತಲೆ ಎಡಕ್ಕೆ ಹೊರಳಿದರೆ ಧ್ವನಿಗೋಳವನ್ನು ಅಷ್ಟೇ ಬಲಕ್ಕೆ, ಒಡನೆಯೇ, ಹೊರಳಿಸಬೇಕು. ತಡವಾದರೆ ಭ್ರಮೆ ಹರಿಯಿತು.

ಧ್ವನಿಯ ಮಹತ್ವವನ್ನು ಅರಿಯಬೇಕಾದರೆ 2016ರಲ್ಲಿ ಹೊರಬಂದ 'ನೋಟ್ಸ್ ಆನ್ ಬ್ಲೈಂಡ್‌ನೆಸ್: ಇನ್‌ಟು ಡಾರ್ಕ್‌ನೆಸ್' ಎಂಬ ವರ್ಚುವಲ್ ರಿಯಾಲಿಟಿ ಕೃತಿಯನ್ನು ಗಮನಿಸಬೇಕು. ಬರ್ಮಿಂಗ್‌ಹ್ಯಾಮ್ ವಿಶ್ವವಿದ್ಯಾನಿಲಯದ ಅಧ್ಯಾಪಕರಾಗಿದ್ದ ಜಾನ್ ಹಲ್ ಅವರು 1980ರ ದಶಕದಲ್ಲಿ ಪೂರ್ಣವಾಗಿ ದೃಷ್ಟಿಹೀನರಾದರು. ತಮ್ಮ ಅನುಭವಗಳನ್ನು ಅವರು ಕ್ಯಾಸೆಟ್ಟುಗಳಲ್ಲಿ ಮುದ್ರಿಸುತ್ತ ಹೋದರು. ಆ ದಿನಚರಿಯೇ ಈ ಕೃತಿಗೆ ಮೂಲ. ಇಲ್ಲಿ ನೋಡುಗನನ್ನು ಕತ್ತಲೆಯಲ್ಲಿ ಕೂರಿಸಲಾಗುತ್ತದೆ. ಉದ್ಯಾನದಲ್ಲಿ ಹೆಜ್ಜೆ ಸದ್ದಾದರೆ ಹೆಜ್ಜೆಯಷ್ಟೇ ಮಸುಕಾಗಿ ಮಿನುಗುತ್ತದೆ. ಸದ್ದು ನಿಂತರೆ ಅದೂ ಇಲ್ಲ. ಮಳೆಯನ್ನು ಕುರಿತ ಹಲ್ ಅವರ ಮಾತು ಮನನೀಯವಾದುದು. ಹನಿಗಳು ಮಾಡಿನ ಮೇಲೆ ಒಂದು ಬಗೆಯಾಗಿ, ಎಲೆಗಳ ಮೇಲೆ ಮತ್ತೊಂದು ಬಗೆಯಾಗಿ, ಕಾಲುದಾರಿಯ ಮೇಲೆ ಇನ್ನೊಂದು ಬಗೆಯಾಗಿ ಸದ್ದು ಮಾಡುವುದರಿಂದ ಇಡೀ ತೋಟದ ಆಕಾರವೇ ಅವರಿಗೆ ತಿಳಿಯುತ್ತಿತ್ತು. ಕೋಣೆಯೊಳಗೂ ಮಳೆ ಸುರಿಯುವಂತಿದ್ದರೆ ಎಂದು ಅವರು ಹಂಬಲಿಸಿದರು. ಕಣ್ಣುಳ್ಳ ನಮ್ಮಲ್ಲಿ ಎಷ್ಟು ಮಂದಿ ಮಳೆಯನ್ನು ಹೀಗೆ ಆಲಿಸಿದ್ದೇವೆ?

ಕೇವಲ ಕಣ್ಣಿಗಾಗಿ ಕಟ್ಟಿದ ಲೋಕವು ಹಲ್ ಅವರಂಥವರಿಗೆ ಮುಚ್ಚಿದ ಬಾಗಿಲು. ಧ್ವನಿಯು ಕೊನೆಯಲ್ಲಿ ಹಾಕುವ ಒಗ್ಗರಣೆಯಲ್ಲ. ಚಿತ್ರಕಾರರು ಮೊದಲ ಗೆರೆಯನ್ನೆಳೆಯುವ ದಿನವೇ ಧ್ವನಿಕಾರರೂ ಅವರ ಪಕ್ಕದಲ್ಲಿರಬೇಕು. ಮಣ್ಣಿನ ಮನೆಯಲ್ಲಿ ಆಡಿದ ಮಾತು ಕಲ್ಲಿನ ಮಂಟಪದಲ್ಲಿ ಹಾಗೆಯೇ ಕೇಳಿಸದು. ಗೋಡೆ ಯಾವುದರಿಂದಾದುದು, ಸೂರು ಎಷ್ಟು ಎತ್ತರ, ಬಾಗಿಲು ತೆರೆದಿದೆಯೋ ಮುಚ್ಚಿದೆಯೋ ಎಂಬುದನ್ನು ಅರಿಯದೆ ಪ್ರತಿಧ್ವನಿಯ ಲೆಕ್ಕವನ್ನು ಅವರು ಹಾಕುವುದಾದರೂ ಹೇಗೆ?