ಮಳೆಮಾಪಕವೂ ನಿಸ್ತಂತು ವಾರ್ತೆಯೂ

ಬಿದ್ದ ಮಳೆಯು ಎಷ್ಟೆಂಬುದನ್ನು ರೈತನು ಮಣ್ಣು ಮುಟ್ಟಿ ತಿಳಿಯುವನು. ಸರಕಾರವಾದರೋ ಅಂಕೆಗಳಿಂದಲೇ ತಿಳಿಯಬೇಕಾಗಿದೆ. ಅಂಕೆಯು ತಪ್ಪಿದಲ್ಲಿ ರೈತನಿಗೆ ಸಲ್ಲಬೇಕಾದ ನ್ಯಾಯವೂ ತಪ್ಪುವುದು. ಆದುದರಿಂದ ಮಳೆಮಾಪಕದ ಪ್ರಶ್ನೆಯನ್ನು ಕೇವಲ ಯಂತ್ರಜ್ಞರಿಗೆ ಬಿಟ್ಟು ಸುಮ್ಮನಿರುವುದು ಯುಕ್ತವಲ್ಲವೆಂದು ನಾವು ಭಾವಿಸುತ್ತೇವೆ.

ದಿನಕ್ಕೊಮ್ಮೆ, ಬೆಳಿಗ್ಗೆ 8-30 ಗಂಟೆಗೆ, ಮಾಪಕದಲ್ಲಿ ನಿಂತ ನೀರನ್ನು ಗಾಜಿನ ಅಳತೆಪಾತ್ರೆಗೆ ಸುರಿದು ಓದಿ ಬರೆದಿಡುವುದು ಹಳೆಯ ಪದ್ಧತಿ. ಮಾಪಕಗಳು ವಿರಳವಾಗಿದ್ದುದರಿಂದ ಒಂದು ಹಳ್ಳಿಯಲ್ಲಿ ಸುರಿದು ನೆರೆಯ ಹಳ್ಳಿಯು ಒಣಗಿದರೂ ಲೆಕ್ಕವು ಒಂದೇ ಆಗುತ್ತಿತ್ತು. 1988ರಲ್ಲಿ ಬರಗಾಲದ ಮೇಲ್ವಿಚಾರಣೆಗಾಗಿ ಹುಟ್ಟಿ, ಇಂದು ಕರ್ನಾಟಕ ರಾಜ್ಯ ನೈಸರ್ಗಿಕ ವಿಕೋಪ ಉಸ್ತುವಾರಿ ಕೇಂದ್ರವೆನಿಸಿರುವ ಸಂಸ್ಥೆಯು ಈ ಕೊರತೆಯನ್ನು ನೀಗಲು ಗ್ರಾಮ ಪಂಚಾಯತಿಗಳಲ್ಲಿ ಸುಮಾರು 6,000 ನಿಸ್ತಂತು ಮಳೆಮಾಪಕಗಳನ್ನು ಸ್ಥಾಪಿಸಿತು. ಮಾಪಕದೊಳಗಿನ ಪುಟ್ಟ ಪಾತ್ರೆಯು ತುಂಬಿದೊಡನೆ ಮಗುಚುತ್ತದೆ. ಆ ಮಗುಚುವಿಕೆಗಳನ್ನು ಎಣಿಸಿ, ಸೂರ್ಯಶಕ್ತಿಯಿಂದ ನಡೆಯುವ ಯಂತ್ರವು 15 ನಿಮಿಷಕ್ಕೊಮ್ಮೆ ಮೊಬೈಲ್ ಜಾಲದ ಮೂಲಕ ಬೆಂಗಳೂರಿಗೆ ವಾರ್ತೆಯನ್ನು ಕಳುಹಿಸುತ್ತದೆ. ಇದು ನಾಡಿಗೆ ಭೂಷಣಪ್ರಾಯವಾದ ಕಾರ್ಯವೆಂಬುದರಲ್ಲಿ ಸಂಶಯವಿಲ್ಲ.

ಆದರೆ ನಿಸ್ತಂತು ವಾರ್ತೆಯು ಸತ್ಯವನ್ನು ಎಷ್ಟು ಶೀಘ್ರವಾಗಿ ಒಯ್ಯುವುದೋ ಅಸತ್ಯವನ್ನೂ ಅಷ್ಟೇ ಶೀಘ್ರವಾಗಿ ಒಯ್ಯುವುದು. ಮಾಪಕದ ಬಾಯಿಗೆ ಒಂದು ತರಗೆಲೆ ಅಡ್ಡವಾದರೆ ಸಾಕು, ಜಡಿಮಳೆಯಲ್ಲಿಯೂ ಯಂತ್ರವು 'ಸೊನ್ನೆ'ಯೆಂದೇ ಸಾರುವುದು. ಮಲೆನಾಡಿನಲ್ಲಿ ಮಹಾಮಳೆಯ ದಿನ ಮರ ಬಿದ್ದು ವಿದ್ಯುತ್ತು ಹೋಗಿ, ಮೊಬೈಲ್ ಗೋಪುರವು ಮೂಕವಾದರೆ, ಯಾವ ಗಳಿಗೆಯ ವಾರ್ತೆ ಅತ್ಯಾವಶ್ಯಕವೋ ಆ ಗಳಿಗೆಯಲ್ಲಿಯೇ ಮಾಪಕದ ವಾರ್ತೆಯು ನಿಂತುಹೋಗುವುದು.

ಇದರ ಫಲವನ್ನು ಉಣ್ಣುವವರು ಯಾರು? ಹವಾಮಾನಾಧಾರಿತ ಬೆಳೆ ವಿಮೆಯಲ್ಲಿ ಅಡಕೆ, ಕಾಳುಮೆಣಸುಗಳ ಪರಿಹಾರವು ನಿರ್ಣಯವಾಗುವುದು ತೋಟದ ಪರೀಕ್ಷೆಯಿಂದಲ್ಲ, ಮಾಪಕದ ಅಂಕೆಯಿಂದ. ಕೊಳೆರೋಗದಿಂದ ತೋಟವೆಲ್ಲ ಉದುರಿದ್ದರೂ, ಕಾಗದದಲ್ಲಿ ಮಳೆಯಿಲ್ಲದಿದ್ದರೆ ಬೆಳೆಗಾರನಿಗೆ ದಕ್ಕುವುದೇನು?

ಆದ್ದರಿಂದ ಸರಕಾರದವರಿಗೆ ನಮ್ಮ ಸೂಚನೆಗಳು ಇಷ್ಟು. ಜಾಲವು ಕಡಿದಾಗಲೂ ಯಂತ್ರವು ಅಂಕೆಗಳನ್ನು ತನ್ನಲ್ಲಿ ಕೂಡಿಟ್ಟುಕೊಂಡು, ಸಂಪರ್ಕವು ಮರಳಿದೊಡನೆ ಒಪ್ಪಿಸುವಂತಿರಬೇಕು. ವಾರ್ತೆ ಬಾರದ ದಿನವನ್ನು 'ವಾರ್ತೆಯಿಲ್ಲ'ವೆಂದೇ ನಮೂದಿಸಬೇಕೇ ಹೊರತು 'ಮಳೆಯಿಲ್ಲ'ವೆಂದಲ್ಲ. ನೆರೆಯ ಮಾಪಕಗಳೆಲ್ಲ ಮಳೆಯನ್ನು ತೋರಿಸುವಾಗ ಒಂದು ಮಾತ್ರ ಸೊನ್ನೆಯನ್ನು ತೋರಿಸಿದರೆ ಆ ದಿನವೇ ಅದನ್ನು ಪರೀಕ್ಷಿಸಬೇಕು. ಪ್ರತಿದಿನದ ಅಂಕೆಯನ್ನು ಪಂಚಾಯತಿಯ ಫಲಕದಲ್ಲಿ ಬರೆಯಬೇಕು. ಮಳೆಯಲ್ಲಿ ನೆನೆದು ಬಂದ ಊರವರಿಗಿಂತ ಉತ್ತಮ ಪರೀಕ್ಷಕರು ಇನ್ನಾರು?

ಯಂತ್ರವನ್ನು ನೆಟ್ಟು ಉದ್ಘಾಟಿಸುವುದು ಒಂದು ದಿನದ ಉತ್ಸವ. ಅದನ್ನು ಸತ್ಯವಾದಿಯಾಗಿ ಉಳಿಸಿಕೊಳ್ಳುವುದು ಪ್ರತಿದಿನದ ಕರ್ತವ್ಯ. ಅಧಿಕಾರಿವರ್ಗವು ಈ ಎರಡನೆಯದಕ್ಕೂ ಹಣವನ್ನೂ ಜನರನ್ನೂ ಒದಗಿಸುವುದೆಂದು ನಾವು ನಿರೀಕ್ಷಿಸುತ್ತೇವೆ.