ಸಾಲ ತೀರುವುದು ಲೆಕ್ಕದಿಂದ, ನಿರಾಕರಣೆಯಿಂದಲ್ಲ

ಕೈವಾರ, ಚಿಂತಾಮಣಿ, ಶಿಡ್ಲಘಟ್ಟದ ಕಡೆಯ ನಮ್ಮ ಸಮುದಾಯದ ಅನೇಕ ಮನೆಗಳ ಬದುಕು ರೇಷ್ಮೆ ನೂಲನ್ನು ನಂಬಿದೆ. ರೀಲರ್ ಹರಾಜಿನಲ್ಲಿ ಗೂಡು ಕೊಂಡರೆ ರೈತನಿಗೆ ತಡಮಾಡದೆ ಹಣ ಕೊಡಬೇಕು. ಆ ಗೂಡು ಬೆಂದು, ನೂಲಾಗಿ, ಮಾರಾಟವಾಗುವ ಹೊತ್ತಿಗೆ ದರ ಏರಿರಬಹುದು, ಇಳಿದಿರಲೂಬಹುದು. ನಡುವಿನ ದಿನಗಳ ಬಂಡವಾಳಕ್ಕೆ ಸಾಲವೇ ಗತಿ. ರೀಲಿಂಗ್ ಘಟಕದಲ್ಲಿ ದುಡಿಯುವ ಸಹೋದರಿಗೆ ಕೆಲಸ ನಿಂತ ವಾರ ಕೂಲಿಯಿಲ್ಲ; ಸಾಲದ ಕಂತು ಮಾತ್ರ ನಿಲ್ಲುವುದಿಲ್ಲ. ಸಾಲವೆಲ್ಲ ದುಂದುವೆಚ್ಚದ ಫಲವೆಂದು ಇಂಥವರಿಗೆ ಉಪದೇಶಿಸುವುದು ಅನ್ಯಾಯ. ಮದುವೆಯ ಮಂಟಪ, ದಾವತ್‌ಗಳ ಖರ್ಚಿನ ಮಾತು ಬೇರೆ. ಅದನ್ನು ಸಮರ್ಥಿಸಲು ನಮ್ಮಿಂದಾಗದು.

2009ರಲ್ಲಿ ಕೋಲಾರ, ಶಿಡ್ಲಘಟ್ಟ, ರಾಮನಗರ ಮುಂತಾದೆಡೆ ನಡೆದುದನ್ನು ಹಿರಿಯರು ಮರೆತಿರಲಾರರು. ಕಿರುಸಾಲ ಸಂಸ್ಥೆಗಳೊಂದಿಗೆ ವ್ಯವಹರಿಸಬಾರದು, ಕಂತು ಕಟ್ಟಬಾರದು ಎಂದು ಸ್ಥಳೀಯ ಅಂಜುಮನ್ ಸಮಿತಿಗಳು ಮುಸ್ಲಿಮ್ ಮಹಿಳೆಯರಿಗೆ ಹೇಳಿದವು. ಒಂದು ಸಾಲ ತೀರಿಸಲು ಇನ್ನೊಂದು ಸಾಲ, ವಸೂಲಿಯ ಒತ್ತಡ, ಕುಸಿದ ರೇಷ್ಮೆ ವ್ಯಾಪಾರ ಎಲ್ಲವೂ ಕೂಡಿದ್ದ ಸಮಯವದು. ಆ ಕಳಕಳಿಯನ್ನು ನಾವು ಸಂದೇಹಿಸುವುದಿಲ್ಲ. ಆದರೆ ಕಂತು ನಿಂತಿತು, ಸಂಸ್ಥೆಗಳು ಹೊಸ ಸಾಲ ನಿಲ್ಲಿಸಿದವು, ಅಗತ್ಯ ಮಾತ್ರ ನಿಲ್ಲಲಿಲ್ಲ. ಮತ್ತೆ ಖಾಸಗಿ ಲೇವಾದೇವಿಗಾರನ ಬಾಗಿಲೇ ಗತಿಯಾಯಿತು. ಅವನದೂ ಬಡ್ಡಿಯೇ ಅಲ್ಲವೇ? ನೂರಕ್ಕೆ ತಿಂಗಳಿಗೆ 5 ರೂಪಾಯಿಯೆಂದರೆ 10,000ಕ್ಕೆ ವರ್ಷಕ್ಕೆ 6,000.

ಬಡ್ಡಿ ನಿಷಿದ್ಧ ಎಂಬುದರಲ್ಲಿ ಭಿನ್ನಾಭಿಪ್ರಾಯವಿಲ್ಲ. ಆದರೆ ಬಡ್ಡಿಯನ್ನು ತೊರೆಯಲು ಆದೇಶಿಸುವ ಸೂಕ್ತಗಳಲ್ಲೇ (ಅಲ್‌ಬಕರ: 279) ಸಾಲ ಕೊಟ್ಟವನ ಅಸಲು ಅವನಿಗೆ ಸೇರಿದ್ದೆಂದು ಅಲ್ಲಾಹನು ತಿಳಿಸಿದ್ದಾನೆ. ಮರುಸೂಕ್ತದಲ್ಲಿ ಕಷ್ಟದಲ್ಲಿರುವ ಸಾಲಗಾರನಿಗೆ ಕಾಲಾವಕಾಶ ಕೊಡುವಂತೆ ಹೇಳಲಾಗಿದೆ. ಮೃತನೊಬ್ಬನ ಮೇಲೆ ಸಾಲವಿದೆಯೆಂದು ತಿಳಿದಾಗ ಪ್ರವಾದಿ ಮುಹಮ್ಮದರು(ಸ) ಅವನ ಜನಾಝ ನಮಾಝಿಗೆ ತಾವು ನಿಲ್ಲಲಿಲ್ಲ. ಅಬೂ ಕತಾದರು(ರ) ಆ ಸಾಲದ ಹೊಣೆ ಹೊತ್ತ ಬಳಿಕವೇ ನಮಾಝ್ ನಿರ್ವಹಿಸಿದರು. ಹೀಗಿರುವಾಗ ಕಂತು ಕಟ್ಟಬೇಡ ಎಂಬ ಮಾತು ನಮ್ಮ ಸಹೋದರಿಯ ಹೆಗಲಿನಿಂದ ಏನನ್ನು ಇಳಿಸಿತು?

ಅಂದು ಹೇಳಿಕೊಡಬೇಕಾಗಿದ್ದುದು ಲೆಕ್ಕ. ಉದಾಹರಣೆಗೆ, 10,000 ಸಾಲಕ್ಕೆ ನೂರಕ್ಕೆ 15ರಂತೆ 1,500 ಬಡ್ಡಿ ಸೇರಿಸಿ, ವಾರಕ್ಕೆ 230ರಂತೆ 50 ಕಂತು ಎಂದಿಟ್ಟುಕೊಳ್ಳೋಣ. ಮೊದಲ ವಾರದಿಂದಲೇ ಅಸಲು ಕರಗುತ್ತ ಹೋಗುವುದರಿಂದ ವರ್ಷದ ಸರಾಸರಿಯಲ್ಲಿ ಅವಳ ಕೈಯಲ್ಲಿರುವುದು ಸುಮಾರು ಅರ್ಧ ಹಣ. ಆದರೆ ಬಡ್ಡಿ ಪೂರ್ಣ ಹತ್ತು ಸಾವಿರಕ್ಕೆ! ನಿಜವಾದ ದರ 15ರ ಸುಮಾರು ಇಮ್ಮಡಿ. ಇಷ್ಟನ್ನು ಎಂಟನೆಯ ತರಗತಿಯ ಮಗುವೂ ಮಾಡಬಲ್ಲುದು. ನಮ್ಮ ಮದ್ರಸಗಳಲ್ಲಿ ಝಕಾತಿನ ನಿಸಾಬನ್ನು ಬಾಯಿಪಾಠ ಮಾಡಿಸುವ ನಾವು ಈ ಲೆಕ್ಕವನ್ನು ಏಕೆ ಕಲಿಸುವುದಿಲ್ಲ?

2025ರಲ್ಲಿ ರಾಜ್ಯ ಸರಕಾರ ಕಿರುಸಾಲ ವಸೂಲಿಯ ದೌರ್ಜನ್ಯ ತಡೆಯಲು ಕಾನೂನು ತಂದಿತು. ತಪ್ಪಿತಸ್ಥರಿಗೆ 10 ವರ್ಷಗಳವರೆಗೆ ಸೆರೆವಾಸವಿದೆ. ಸ್ವಾಗತಾರ್ಹವೇ. ಆದರೆ ಎಲ್ಲ ಸಾಲವೂ ಮನ್ನಾ ಆಯಿತೆಂದು ಯಾರಾದರೂ ನಂಬಿದ್ದರೆ ಅದು ಸರಿಯಲ್ಲ. ರಿಸರ್ವ್ ಬ್ಯಾಂಕಿನಲ್ಲಿ ನೋಂದಾಯಿತ ಸಂಸ್ಥೆಗಳಿಗೆ ಅದು ಅನ್ವಯಿಸದು. ಆ ಸಂಸ್ಥೆಗಳಿಗೆ ರಿಸರ್ವ್ ಬ್ಯಾಂಕಿನದೇ ನಿಯಮವಿದೆ: ಮನೆಯ ಎಲ್ಲ ಸಾಲಗಳ ಕಂತು ಸೇರಿ ತಿಂಗಳ ಆದಾಯದ ಅರ್ಧವನ್ನು ಮೀರಬಾರದು. ಆದಾಯವನ್ನೇ ಬರೆದಿಡದ ಮನೆಗೆ ಈ ರಕ್ಷಣೆ ಹೇಗೆ ದಕ್ಕೀತು?

ಕುರ್‌ಆನ್‌ನ ಅತ್ಯಂತ ದೀರ್ಘ ಸೂಕ್ತ (ಅಲ್‌ಬಕರ: 282) ಸಾಲವನ್ನು ಬರೆದಿಡುವುದರ ಕುರಿತಾದುದು. ಒಂದು ಸಾದಾ ನೋಟ್‌ಬುಕ್ ಸಾಕು: ಯಾರಿಗೆ ಎಷ್ಟು, ಎಂದಿಗೆ, ಯಾವ ದರ. ಮೊದಲು ಮೀಟರ್ ಬಡ್ಡಿಯ ಸಾಲ ತೀರಲಿ. ನೂಲಿಗೆ ಒಳ್ಳೆಯ ದರ ಬಂದ ವಾರದ ಹೆಚ್ಚುವರಿ ಹಣ ಮಂಕಾದ ವಾರಕ್ಕೆ ಉಳಿಯಲಿ. ಪತಿ ಪತ್ನಿಯರಿಬ್ಬರೂ ಪುಸ್ತಕ ನೋಡಬೇಕು. ಗಂಡನಿಗೆ ತಿಳಿಯದ ಸಾಲ, ಹೆಂಡತಿಗೆ ತಿಳಿಯದ ಜಾಮೀನು ಎಷ್ಟು ಮನೆಗಳನ್ನು ಒಡೆದಿವೆ!

ಮನೆಯವರ ಶ್ರಮಕ್ಕೆ ಜಮಾಅತ್ ಜೊತೆಗೂಡಬೇಕು. ಬಡ್ಡಿ ಬೇಡವೆನ್ನುವ ಮಸೀದಿಯಲ್ಲಿ ಕರ್ಝೆ ಹಸನದ ಪೆಟ್ಟಿಗೆಯೊಂದಿರಬೇಕು. ಒಬ್ಬ ರೀಲರ್‌ಗೆ ಒಂದು ಲಾಟು ಗೂಡಿನಷ್ಟು ಹಣ, ನೂಲು ಮಾರಿದೊಡನೆ ವಾಪಸ್ಸು, ಇಬ್ಬರ ಸಾಕ್ಷಿ. ಝಕಾತಿನ ಎಂಟು ಹಕ್ಕುದಾರರಲ್ಲಿ ಸಾಲಗಾರನೂ ಒಬ್ಬ (ಅತ್ತೌಬ: 60). ಈ ರಮಝಾನ್‌ನಲ್ಲಿ ವಿತರಣೆಯ ಪಟ್ಟಿ ತಯಾರಿಸುವ ಹಿರಿಯರು, ಅದರಲ್ಲಿ ಸಾಲಗಾರರ ಹೆಸರುಗಳೆಷ್ಟಿವೆ ಎಂದು ಒಮ್ಮೆ ಎಣಿಸಿ ನೋಡಲಿ.